ವರ್ಷಪೂರ್ತಿ ನೋಡಲೆಂದು ಬರೆದ ಚಿತ್ರಗಳು

ಅಕ್ಕನ ಮಗಳು ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಳೆ. ಅವಳ ಮೊಬೈಲಿನ ಹಿಂದೆ, ಆ ಗಾಜಿನಂಥ ಕವರಿನ ಒಳಗೆ, ಒಂದು ಹಳೇ ಬೆಂಕಿಪೊಟ್ಟಣದ ಲೇಬಲ್ ಇದೆ. ಕೆಂಪು ಅಂಚು, ನಡುವೆ ಬಾಯಿ ತೆರೆದ ಹುಲಿ, ಕೆಳಗೆ ಸಣ್ಣದಾಗಿ ಶಿವಕಾಶಿಯ ಹೆಸರು. ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಹತ್ತಿರ ಹುಡುಕಿ ತಂದಳಂತೆ. ಅವಳ ರೂಮಿನ ಗೋಡೆಯ ಮೇಲೆ ರವಿವರ್ಮನ ಸರಸ್ವತಿಯ ಪ್ರಿಂಟ್ ಇದೆ, ಚಂದಮಾಮದ ಒಂದು ಹಾಳೆ ಇದೆ, ಯಾವುದೋ ಊದುಬತ್ತಿ ಪೊಟ್ಟಣದ ಹೊದಿಕೆಯೂ ಇದೆ. ಈ ಹುಡುಗಿ ಹುಟ್ಟಿದ್ದು 2005ರ ಈಚೆಗೆ. ಅವರ ಮನೆಯಲ್ಲಿ ಒಲೆ ಹಚ್ಚುವುದು ಲೈಟರಿನಲ್ಲಿ. ಚಂದಮಾಮ ನಿಂತುಹೋದಾಗ ಅವಳಿನ್ನೂ ಅಕ್ಷರ ಕೂಡಿಸಿ ಓದುತ್ತಿದ್ದಳು. "ಇವೆಲ್ಲ ನಿನಗೆ ಯಾಕೆ ಇಷ್ಟ?" ಅಂತ ಕೇಳಿದೆ. "ಗೊತ್ತಿಲ್ಲ ಮಾವ. ನೋಡ್ತಾನೇ ಇರ್ಬೇಕು ಅನ್ಸುತ್ತೆ" ಅಂದಳು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹಳೇ ಚಿತ್ರಗಳು ಯಾಕೆ ಇಷ್ಟ ಅಂತ ನನ್ನ ವಯಸ್ಸಿನವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಚಿಕ್ಕಂದಿನಲ್ಲಿ ನೋಡಿದ್ದು, ಅಜ್ಜಿ ಮನೆ, ಬೇಸಿಗೆ ರಜೆ, ನೆನಪು. ನನ್ನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಆ ನೆನಪು ಯಾವುದೂ ಇಲ್ಲದ ಹುಡುಗಿಗೂ ಇಷ್ಟವಾಗುತ್ತಿದೆ ಅಂದರೆ, ಬರೀ ನೆನಪಿನ ಮೇಲೆ ಭಾರ ಹಾಕಿ ಸುಮ್ಮನಾಗುವಂತಿಲ್ಲ. ಚಿತ್ರದಲ್ಲೇ ಏನೋ ಇದೆ. ಅದು ಏನು ಅಂತ ಯೋಚಿಸುತ್ತಾ ಹೋದಾಗ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಗೋಡೆ, ಒಂದೇ ಚಿತ್ರ

ಡಿಸೆಂಬರ್ ಕೊನೆಯಲ್ಲಿ ಕಿರಾಣಿ ಅಂಗಡಿಯವರು, ಬಟ್ಟೆ ಅಂಗಡಿಯವರು ಕ್ಯಾಲೆಂಡರ್ ಕೊಡುತ್ತಿದ್ದದ್ದು ನಿಮಗೂ ಗೊತ್ತು. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಖಾಯಂ ಗಿರಾಕಿಗಳಿಗೆ ಅಂತ ಎತ್ತಿಟ್ಟಿರುತ್ತಿದ್ದರು. ಮೇಲೆ ತಗಡಿನ ಪಟ್ಟಿ. ಮುಕ್ಕಾಲು ಪಾಲು ಚಿತ್ರ, ಅದರ ಕೆಳಗೆ ಅಂಗಡಿಯ ಹೆಸರು, ತೀರಾ ಕೆಳಗೆ ತಿಂಗಳ ಹಾಳೆಗಳ ಪುಟ್ಟ ಕಟ್ಟು. ಚಿತ್ರ ಶಿವಕಾಶಿಯಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು. ಹೆಸರಿನ ಜಾಗ ಖಾಲಿ ಬಿಟ್ಟಿರುತ್ತಿದ್ದರು. ಯಾವ ಊರಿನ ಯಾವ ಅಂಗಡಿಯವರು ಆರ್ಡರ್ ಕೊಟ್ಟರೋ ಅವರ ಹೆಸರು ಆಮೇಲೆ ಬೀಳುತ್ತಿತ್ತು. ಹಾಗಾಗಿ ನಮ್ಮೂರಿನ ಬೆಲ್ಲದ ಮಂಡಿಯಲ್ಲಿದ್ದ ಲಕ್ಷ್ಮಿಯೇ ಮದುರೆಯ ಪಾತ್ರೆ ಅಂಗಡಿಯಲ್ಲೂ ಕೂತಿರಬಹುದಿತ್ತು.

ಆ ಚಿತ್ರ ಬರೆಯುವ ಕಲಾವಿದನ ಜಾಗದಲ್ಲಿ ನಿಂತು ಯೋಚಿಸಿ. ತಾನು ಬರೆದದ್ದು ಒಂದು ಮನೆಯ ಒಂದೇ ಮೊಳೆಗೆ ಇಡೀ ವರ್ಷ ನೇತಾಡುತ್ತದೆ ಅಂತ ಅವನಿಗೆ ಗೊತ್ತು. ಊಟಕ್ಕೆ ಕೂತ ಹುಡುಗ ನೋಡುತ್ತಾನೆ. ಜ್ವರ ಬಂದು ಮಲಗಿದವರು ನೋಡುತ್ತಾರೆ. ಸೊಪ್ಪು ಬಿಡಿಸುತ್ತಾ ಕೂತ ಅಮ್ಮ ತಲೆ ಎತ್ತಿದಾಗಲೆಲ್ಲ ಅದೇ ಕಾಣುತ್ತದೆ. ಅಷ್ಟು ನೋಟಗಳಿಗೆ ಅದು ಬೇಸರ ಬರಿಸಬಾರದು. ಅದಕ್ಕೇ ಅವನು ಮೂಲೆ ಮೂಲೆಗೂ ಏನೋ ಒಂದನ್ನು ಇಡುತ್ತಿದ್ದ. ಕೊಳದಲ್ಲಿ ತಾವರೆ, ತಾವರೆ ಎಲೆಯ ಮೇಲೆ ನೀರ ಹನಿ, ದೂರದಲ್ಲಿ ಬೆಟ್ಟ, ಬೆಟ್ಟದ ತುದಿಯಲ್ಲಿ ಗುಡಿ, ಸೀರೆಯ ಸೆರಗಿನಲ್ಲಿ ಒಂದೊಂದು ಜರಿ ಎಳೆ. ಚಿಕ್ಕವನಿದ್ದಾಗ ಒಂದು ಕೃಷ್ಣನ ಚಿತ್ರದಲ್ಲಿ, ಮರದ ಹಿಂದೆ ಅರ್ಧ ಮುಖ ಮಾತ್ರ ಕಾಣುವ ಒಂದು ಕರು ಇದೆ ಅಂತ ನಾನು ಕಂಡುಕೊಂಡದ್ದು ಸುಮಾರು ಆಷಾಢದ ಹೊತ್ತಿಗೆ. ಜನವರಿಯಿಂದ ಅದೇ ಗೋಡೆಯ ಮೇಲಿತ್ತು!

ಅಕ್ಕನ ಮಗಳು ಹೇಳಿದ 'ನೋಡ್ತಾನೇ ಇರ್ಬೇಕು' ಎಂಬ ಮಾತು ನನಗೆ ಅರ್ಥವಾದದ್ದು ಇಲ್ಲಿ. ಆ ಚಿತ್ರಗಳು ತುಂಬಾ ಹೊತ್ತು ನೋಡುವ ಕಣ್ಣಿಗಾಗಿಯೇ ತಯಾರಾದವು. ಈಗ ನಮ್ಮ ಬೆರಳ ಕೆಳಗೆ ಓಡಿಹೋಗುವ ಚಿತ್ರಗಳಿಗೆ ಸಿಗುವುದು ಎರಡು ಕ್ಷಣ. ಅವು ಆ ಎರಡು ಕ್ಷಣಕ್ಕೆ ತಕ್ಕ ಹಾಗೆ ತಯಾರಾಗುತ್ತವೆ. ಇದರಲ್ಲಿ ಅವುಗಳ ತಪ್ಪೇನೂ ಇಲ್ಲ. ಆದರೆ ದಿನಪೂರ್ತಿ ಇಂಥದ್ದನ್ನೇ ನೋಡಿದ ಕಣ್ಣಿಗೆ ವರ್ಷಪೂರ್ತಿ ಬಾಳಲೆಂದು ಬರೆದ ಒಂದು ಚಿತ್ರ ಎದುರಾದರೆ ಆ ಕಣ್ಣು ನಿಲ್ಲುತ್ತದೆ. ಹದಿನೆಂಟರ ಕಣ್ಣಾದರೂ ನಿಲ್ಲುತ್ತದೆ.

ಕ್ಯಾಲೆಂಡರ್ ಚಿತ್ರ ಅಂದರೆ ನಾವು ಎದೆಯುಬ್ಬಿಸಿ ಹೇಳಬೇಕಾದ ಒಂದು ಹೆಸರಿದೆ, ಕಲಬುರಗಿಯ ಎಸ್.ಎಂ. ಪಂಡಿತ್. 1916ರಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಜಾಹೀರಾತಿನ ಚಿತ್ರಗಳನ್ನು ಬರೆದರು, 'ಫಿಲ್ಮ್‌ಇಂಡಿಯಾ' ಪತ್ರಿಕೆಗೆ ಬರೆದರು. ಸಿನಿಮಾದಲ್ಲಿ ಮುಖದ ಮೇಲೆ ಬೆಳಕು ಹೇಗೆ ಬೀಳುತ್ತದೆ ಅನ್ನುವುದು ಅವರ ಕೈಗೆ ಚೆನ್ನಾಗಿ ಹತ್ತಿತ್ತು. ಅದೇ ಬೆಳಕನ್ನು ಪುರಾಣದ ಚಿತ್ರಗಳಿಗೂ ತಂದರು. ಅವರ ಶಿವ, ಅವರ ಕೃಷ್ಣ, ಅವರ ನಳ-ದಮಯಂತಿ ಇವರೆಲ್ಲ ಒಂದು ದೊಡ್ಡ ದೃಶ್ಯದ ನಡುವೆ ನಿಂತವರಂತೆ ಕಾಣುತ್ತಾರೆ. ಭುಜದ ಮೇಲೊಂದು ಬೆಳಕಿನ ಅಂಚು, ಹಿಂದೆ ಕವಿಯುವ ಮೋಡ, ಗಾಳಿಗೆ ಹಾರುವ ಉತ್ತರೀಯ. ಹಳ್ಳಿಯ ಮನೆಯ ಸಗಣಿ ಸಾರಿಸಿದ ನಡುಮನೆಗೆ ಆ ಬೆಳಕು ಒಂದು ಕ್ಯಾಲೆಂಡರಿನ ಮೂಲಕ ಬಂತು. ಆಮೇಲೆ ಅವರು ಕಲಬುರಗಿಗೇ ಮರಳಿದರು. ತೀರಿಕೊಂಡದ್ದು 1993ರಲ್ಲಿ. ನಮ್ಮ ಎಷ್ಟೋ ಮನೆಗಳಲ್ಲಿ ಅವರ ಚಿತ್ರಗಳನ್ನು ಎರಡು ತಲೆಮಾರು ಕೈಮುಗಿದು ನೋಡಿದೆ. ಅದನ್ನು ಬರೆದದ್ದು ನಮ್ಮದೇ ನಾಡಿನವರು ಅಂತ ಎಷ್ಟು ಜನರಿಗೆ ಗೊತ್ತು?

ವರ್ಷ ಮುಗಿದ ಮೇಲೂ ಚಿತ್ರದ ಆಯಸ್ಸು ಮುಗಿಯುತ್ತಿರಲಿಲ್ಲ. ದೇವರ ಚಿತ್ರವನ್ನು ಕಸಕ್ಕೆ ಹಾಕುವುದು ಹೇಗೆ? ಚೆನ್ನಾಗಿದ್ದರೆ ತಿಂಗಳ ಹಾಳೆ, ಅಂಗಡಿಯ ಹೆಸರು ಎಲ್ಲ ಕತ್ತರಿಸಿ ಕಟ್ಟು ಹಾಕಿಸುತ್ತಿದ್ದರು. ಅದು ಸೀದಾ ದೇವರ ಗೂಡಿಗೆ ಹೋಗುತ್ತಿತ್ತು. ಹರಿದಿದ್ದರೆ ಅಶ್ವತ್ಥಕಟ್ಟೆಗೆ, ಇಲ್ಲವೇ ಹೊಳೆಗೆ. ಪುಕ್ಕಟೆ ಬಂದ ಒಂದು ಹಾಳೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ನಮ್ಮ ಕಡೆ ಬೇರೆ ಯಾವ ಅಚ್ಚಿಗೆ?

ಕಲ್ಲಿನಿಂದ ಎದ್ದ ಬಣ್ಣ

ಕ್ಯಾಲೆಂಡರಿಗೂ ಮೊದಲು ಕಲ್ಲಚ್ಚು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನಲ್ಲೇ ಬಂತು. ಕಲ್ಲಚ್ಚಿನ ಗುಟ್ಟು ಬಹಳ ಸರಳ. ಎಣ್ಣೆಗೂ ನೀರಿಗೂ ಆಗುವುದಿಲ್ಲ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಪೆನ್ಸಿಲಿನಿಂದ ಬರೆಯಬೇಕು. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹಿಡಿಯುತ್ತದೆ. ಮೇಲೆ ಕಾಗದ ಒತ್ತಿದರೆ ಚಿತ್ರ ಸಿದ್ಧ. ಬಣ್ಣದ ಚಿತ್ರ ಬೇಕಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅದೇ ಕಾಗದ ಒಂದಾದ ಮೇಲೆ ಒಂದರಂತೆ ಎಲ್ಲ ಕಲ್ಲುಗಳ ಮೇಲೂ ಹೋಗಿ ಬರಬೇಕು. ಕೂದಲೆಳೆಯಷ್ಟು ಜರುಗಿದರೂ ಲಕ್ಷ್ಮಿಯ ತುಟಿಯ ಕೆಂಪು ಕೆನ್ನೆಗೆ ಹೋಗುತ್ತದೆ.

ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದರು. ಯಂತ್ರಗಳು, ಕೆಲಸ ಗೊತ್ತಿದ್ದವರು ಜರ್ಮನಿಯಿಂದ ಬಂದರು. ಆಮೇಲೆ ಪ್ರೆಸ್ಸು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಸಾಲ ಏರಿತು. ಕೊನೆಗೆ ಅಲ್ಲಿಯೇ ಕೆಲಸಕ್ಕಿದ್ದ ಜರ್ಮನಿಯ ಫ್ರಿಟ್ಜ್ ಶ್ಲೈಷರ್ ಅವರ ಕೈಗೆ ಪ್ರೆಸ್ಸನ್ನು ಕೊಡಬೇಕಾಯಿತು. ವ್ಯಾಪಾರದ ಲೆಕ್ಕದಲ್ಲಿ ರವಿವರ್ಮರಿಗೆ ಅದರಿಂದ ಸುಖವಿಲ್ಲ. ಆದರೆ ಅದರಿಂದ ಆದದ್ದು ಎಂಥ ಕೆಲಸ! ಅದುವರೆಗೆ ಅರಮನೆಯ ಗೋಡೆಯ ಮೇಲಿದ್ದ ಚಿತ್ರ ಕೂಲಿ ಮಾಡುವವರ ಮನೆಗೆ ಬಂತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಅಸಲು ತೈಲಚಿತ್ರಗಳನ್ನು ನೋಡಿದವರು ಅವುಗಳ ಮುಂದೆ ಮಾತು ಕಳೆದುಕೊಳ್ಳುತ್ತಾರೆ, ಸರಿಯೇ. ಆದರೂ ನನ್ನ ಮಟ್ಟಿಗೆ ರವಿವರ್ಮ ಅಂದರೆ ಆ ಪ್ರಿಂಟುಗಳೇ. ಅಸಲು ಚಿತ್ರ ಒಂದು ಕಡೆ ಇರುತ್ತದೆ, ನಾವು ಹೋಗಿ ನೋಡಿ ಬರುತ್ತೇವೆ. ಪ್ರಿಂಟು ನಮ್ಮ ಜೊತೆ ಬದುಕಿತು.

ಬದುಕಿತು ಅಂತ ಸುಮ್ನೆ ಹೇಳುತ್ತಿಲ್ಲ. ಹಳೇ ಮನೆಗಳಲ್ಲಿ ಜರಿ, ಮಣಿ, ಚಮಕಿ ಹೊಲಿದ ಸರಸ್ವತಿ-ಲಕ್ಷ್ಮಿಯರ ಪಟಗಳನ್ನು ನೀವು ನೋಡಿರಬಹುದು. ಪ್ರಿಂಟು ಮನೆಗೆ ಬಂದ ಮೇಲೆ ಹೆಂಗಸರು ಅದರ ಮೇಲೆ ಸೂಜಿ ಹಿಡಿದು ಕೂತರು. ಸೀರೆಯ ಅಂಚಿಗೆ ನಿಜವಾದ ಜರಿ, ಕೊರಳಿಗೆ ಪುಟ್ಟ ಪುಟ್ಟ ಮುತ್ತು. ಸಾವಿರಗಟ್ಟಲೆ ಅಚ್ಚಾದ ಒಂದೇ ಚಿತ್ರ ಪ್ರತಿ ಮನೆಯಲ್ಲೂ ಬೇರೆಯಾಯಿತು. ಅಚ್ಚಿನ ಚಿತ್ರಕ್ಕೆ ಜೀವವಿಲ್ಲ, ಎಲ್ಲ ಒಂದೇ ಥರ ಅನ್ನುವವರಿಗೆ ನಾನು ಮೊದಲು ತೋರಿಸುವುದು ಈ ಪಟಗಳನ್ನು. ಹೆಸರು ಬರೆದುಕೊಳ್ಳದ ಎಷ್ಟೋ ಅಜ್ಜಿಯರು ರವಿವರ್ಮರ ಚಿತ್ರಕ್ಕೆ ತಮ್ಮ ಕೈಯನ್ನೂ ಸೇರಿಸಿದ್ದಾರೆ.

ಇಷ್ಟು ಪ್ರೀತಿ ಇದ್ದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಈ ಪ್ರಿಂಟುಗಳು ದೇವರಿಗೆ ಒಂದೇ ಮುಖ ಕೊಟ್ಟವು. ಬಿಳಿ ಮೈ, ದುಂಡು ಕೆನ್ನೆ, ರೇಷ್ಮೆ ಸೀರೆ. ನಮ್ಮೂರ ಮಾರಮ್ಮನಿಗೆ, ಹೊಲದ ಬದುವಿನ ಮುನೇಶ್ವರನಿಗೆ ಇಂಥ ಪಟ ಇರಲಿಲ್ಲ. ಅವರು ಕಲ್ಲಾಗಿ, ಅರಿಶಿನ ಕುಂಕುಮವಾಗಿ, ಬೇವಿನ ಸೊಪ್ಪಾಗಿ ಉಳಿದರು. ಬರಬರುತ್ತಾ ದೇವರು ಅಂದರೆ ಪಟದಲ್ಲಿರುವ ಹಾಗೇ ಇರಬೇಕು ಅನ್ನುವ ಭಾವನೆ ಬಂತು. ಮಕ್ಕಳು ಬರೆಯುವ ಸರಸ್ವತಿ ಕೂಡ ರವಿವರ್ಮರ ಸರಸ್ವತಿಯೇ ಆದಳು. ಚೆಂದದ ಚಿತ್ರಕ್ಕೆ ಇಂಥದ್ದೊಂದು ಬಲ ಇರುತ್ತದೆ. ಆ ಬಲವನ್ನು ಕಾಣದೆ ಬರೀ ಚೆಂದವನ್ನು ಹೊಗಳಿದರೆ ಅರ್ಧ ಮಾತು ಆಡಿದ ಹಾಗೆ.

ಗಣಪತಿಯ ಸೊಂಡಿಲು

ಅಕ್ಕನ ಮದುವೆಯ ಲಗ್ನಪತ್ರಿಕೆ ತಿಪಟೂರಿನಲ್ಲಿ ಅಚ್ಚಾಯಿತು. ಪ್ರೂಫ್ ನೋಡಿಕೊಂಡು ಬಾ ಅಂತ ಅಪ್ಪ ನನ್ನನ್ನು ಕಳಿಸಿದ್ದರು. ಕೊಬ್ಬರಿ ಮಂಡಿಗಳ ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಮದುವೆ-ಗೃಹಪ್ರವೇಶದ ಕಾಗದ ಇವನ್ನೇ ಮಾಡುವ ಸಣ್ಣ ಪ್ರೆಸ್ಸು. ಒಳಗೆ ಸೀಮೆಎಣ್ಣೆ ಮತ್ತು ಶಾಯಿಯ ವಾಸನೆ. ಟ್ರೆಡಲ್ ಯಂತ್ರದ ತಟಕ್ ತಟಕ್ ಸದ್ದು. ಯಜಮಾನರು ಒಂದು ಮರದ ಡ್ರಾಯರ್ ಎಳೆದು ನನ್ನ ಮುಂದಿಟ್ಟರು. ಅದರ ತುಂಬಾ ಚಿತ್ರ ಅಚ್ಚೊತ್ತುವ ಬ್ಲಾಕುಗಳು. ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿದ ಸತುವಿನ ತಗಡುಗಳು. ಎಷ್ಟು ಥರದ ಗಣಪತಿ! ಕೂತ ಗಣಪತಿ, ನಿಂತ ಗಣಪತಿ, ಬರೀ ನಾಲ್ಕು ಗೆರೆಯ ಗಣಪತಿ. ಜೊತೆಗೆ ಕಳಶ, ಮಾವಿನ ತೋರಣ, ಬಾಳೆಕಂಬ, ಓಲಗದವರು, ಒಂದರ ಮೇಲೊಂದು ಇಟ್ಟ ವಧೂವರರ ಕೈಗಳು. ಎಲ್ಲವೂ ಎಡಬಲ ತಿರುಗಿ, ಕನ್ನಡಿಯಲ್ಲಿ ನೋಡಿದ ಹಾಗೆ. "ಯಾವ ಗಣಪತಿ ಬೇಕೋ ನೀನೇ ಆರಿಸಪ್ಪ" ಅಂದರು. ಅಷ್ಟು ದೊಡ್ಡ ಜವಾಬ್ದಾರಿಯನ್ನು ಅದುವರೆಗೆ ಯಾರೂ ನನಗೆ ಕೊಟ್ಟಿರಲಿಲ್ಲ.

ನಾನು ಆರಿಸಿದ ಬ್ಲಾಕ್ ಹಳೆಯದು. ಪ್ರೂಫ್ ತೆಗೆದಾಗ ಸೊಂಡಿಲಿನ ಗೆರೆ ನಡುವೆ ಕಡಿದುಹೋಗಿತ್ತು. ಯಜಮಾನರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಯಂತ್ರ ನಿಲ್ಲಿಸಿ, ಬ್ಲಾಕ್ ಬಿಚ್ಚಿ, ಅದರ ಅಡಿಗೆ ಬೆರಳ ಉಗುರಿನಷ್ಟು ತೆಳು ಕಾಗದ ಹರಿದು ಅಂಟಿಸಿದರು. ಆ ಜಾಗ ಒಂದಿಷ್ಟೇ ಎತ್ತರವಾಯಿತು. ಮತ್ತೆ ಪ್ರೂಫ್. ಈಗ ಸೊಂಡಿಲು ಬಂತು, ಆದರೆ ಹೊಟ್ಟೆಯ ಹತ್ತಿರ ಶಾಯಿ ಜಾಸ್ತಿಯಾಗಿ ಗೆರೆ ದಪ್ಪವಾಯಿತು. ಮತ್ತೆ ಬಿಚ್ಚಿದರು. "ಸಾಕು ಬಿಡಿ, ಚೆನ್ನಾಗೇ ಇದೆಯಲ್ಲ" ಅಂದೆ. "ಇವತ್ತು ಹೀಗೆ ಕೊಟ್ಟರೆ ನಾಳೆ ಮನೆ ಮನೆಯಲ್ಲೂ ಹೀಗೇ ಇರುತ್ತಪ್ಪ" ಅಂದರು. ಹೊರಗೆ ಕೊಬ್ಬರಿ ಚೀಲ ತುಂಬಿದ ಗಾಡಿಗಳು ಹೋಗಿ ಬರುತ್ತಿದ್ದವು. ಅವರಿಗೆ ಅದರ ಕಡೆ ಗಮನವೇ ಇಲ್ಲ. ಗೆರೆ ತೃಪ್ತಿಯಾಗುವ ತನಕ ಅವರು ಬಿಡಲಿಲ್ಲ.

ಬ್ಲಾಕಿನಲ್ಲಿ ಬೂದು ಬಣ್ಣ ಅನ್ನುವುದಿಲ್ಲ. ಇದ್ದರೆ ಶಾಯಿ, ಇಲ್ಲದಿದ್ದರೆ ಬಿಳಿ ಕಾಗದ. ನೆರಳು ಬೇಕೆಂದರೆ ಗೆರೆಗಳನ್ನು ಹತ್ತಿರ ಹತ್ತಿರ ಎಳೆಯಬೇಕು, ಬೆಳಕು ಬೇಕೆಂದರೆ ದೂರ ದೂರ. ಇಷ್ಟೇ ಸಾಮಾನಿನಲ್ಲಿ ಸೀರೆಯ ಮಡಿಕೆ, ಮುದುಕನ ಸುಕ್ಕು, ಬೆಂಕಿಯ ಬೆಳಕು ಎಲ್ಲವನ್ನೂ ಕಾಣಿಸಬೇಕು. ಅದಕ್ಕೇ ಹಳೇ ಚಿತ್ರಕಾರರ ಗೆರೆಯಲ್ಲಿ ತೀರ್ಮಾನ ಇರುತ್ತಿತ್ತು. ಈ ಗೆರೆ ಬೇಕು, ಇದು ಬೇಡ ಅಂತ ಅವರು ಮೊದಲೇ ಯೋಚಿಸಿ ಬಿಡುತ್ತಿದ್ದರು. ನೋಡುವ ನಮಗೆ ಆ ತೀರ್ಮಾನ ಕಾಣುತ್ತದೆ, ಹೀಗೇ ಅಂತ ಹೇಳಲು ಬಾರದಿದ್ದರೂ.

ಬೆಂಕಿಪೊಟ್ಟಣದ ಕಥೆಯೂ ಇದೇ. ಎರಡು ಬೆರಳಗಲದ ಜಾಗ. ಓದಲು ಬಾರದ ಗಿರಾಕಿ 'ಹುಲಿ ಪೊಟ್ಟಣ ಕೊಡಿ', 'ಹಡಗಿನ ಪೊಟ್ಟಣ ಕೊಡಿ' ಅಂತ ಚಿತ್ರದ ಹೆಸರು ಹಿಡಿದು ಕೇಳುತ್ತಾನೆ. ಬುಡ್ಡಿದೀಪದ ಬೆಳಕಿನಲ್ಲಿ, ಅಂಗಡಿಯ ಕಟ್ಟೆಯ ಆಚೆಯಿಂದ ಅದು ಗುರುತು ಸಿಗಬೇಕು. ಹೀಗಾಗಿ ಅದರಲ್ಲಿ ಬೇಡದ ಒಂದು ಚುಕ್ಕೆಯೂ ಇರುವಂತಿಲ್ಲ. ಕ್ಯಾಲೆಂಡರಿನವನು ತುಂಬುತ್ತಾ ಹೋದ, ಲೇಬಲ್ಲಿನವನು ಕಳೆಯುತ್ತಾ ಹೋದ. ಇಬ್ಬರಿಗೂ ತಮ್ಮ ಚಿತ್ರವನ್ನು ಯಾರು, ಎಲ್ಲಿ, ಹೇಗೆ ನೋಡುತ್ತಾರೆ ಅನ್ನುವುದು ಸ್ಪಷ್ಟವಾಗಿ ಗೊತ್ತಿತ್ತು.

ಹೆಗಲ ಮೇಲಿನ ಶವ

ಕಳೆದ ದೀಪಾವಳಿಗೆ ಅಕ್ಕನ ಮಗಳು ಊರಿಗೆ ಬಂದಾಗ ಅಟ್ಟದ ಮೇಲಿದ್ದ ಚಂದಮಾಮದ ಬೈಂಡು ಇಳಿಸಿದೆವು. ವರ್ಷದ ಸಂಚಿಕೆಗಳನ್ನು ಸೇರಿಸಿ ಅಪ್ಪ ಹೊಲಿಸಿ ಇಟ್ಟದ್ದು. ಅವಳು ಕಥೆ ಓದಲಿಲ್ಲ. ಸುಮ್ನೆ ಹಾಳೆ ತಿರುಗಿಸುತ್ತಾ ಚಿತ್ರ ನೋಡಿದಳು. ನಾನು ಓದಲು ಕಲಿಯುವ ಮೊದಲು ಮಾಡುತ್ತಿದ್ದದ್ದೂ ಅದೇ. ಬೇತಾಳ ಕಥೆಯ ಪುಟ ಬಂದಾಗ ಅವಳ ಕೈ ನಿಂತಿತು. ಕೈಯಲ್ಲಿ ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಶವ, ಸುತ್ತ ಸ್ಮಶಾನ. ಛಲ ಬಿಡದ ತ್ರಿವಿಕ್ರಮ. "ಮಾವ, ಇವನಿಗೆ ಭಯಾನೇ ಇಲ್ಲ ನೋಡು. ಭಾರ ಮಾತ್ರ ಇದೆ" ಅಂದಳು. ಆ ಚಿತ್ರವನ್ನು ಅಷ್ಟು ವರ್ಷ ನೋಡಿದ ನನಗೆ ಅದು ಆವರೆಗೆ ಕಂಡಿರಲಿಲ್ಲ. ಹೌದು, ರಾಜನ ಹೆಜ್ಜೆಯಲ್ಲಿ ನಿಜವಾಗಿ ಭಾರವಿದೆ. ಶವದ ತೂಕಕ್ಕೆ ತಕ್ಕ ಹಾಗೆ ಮೈ ವಾಲಿದೆ. ಮುಖ ಮಾತ್ರ ಸೀದಾ ಮುಂದಕ್ಕೆ.

ಆ ಚಿತ್ರ ಬರೆದವರು ಶಂಕರ್. ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. ಮದ್ರಾಸಿನ ಕಲಾಶಾಲೆಯಲ್ಲಿ ಕಲಿತವರು. 1952ರಲ್ಲಿ ಚಂದಮಾಮಕ್ಕೆ ಸೇರಿದರು. ಪತ್ರಿಕೆ ಇರುವವರೆಗೂ ಅದಕ್ಕಾಗಿಯೇ ಬರೆದರು, ಹತ್ತಿರ ಹತ್ತಿರ ಅರವತ್ತು ವರ್ಷ. 2020ರಲ್ಲಿ ತೊಂಬತ್ತಾರು ವರ್ಷದವರಾಗಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಆಮೇಲೆ, 2021ರಲ್ಲಿ. ಅವರ ಜೊತೆಗೆ ಚಿತ್ರಾ ಇದ್ದರು, ಮುಖಪುಟಗಳನ್ನು ಬೆಳಗಿಸಿದ ವಪಾ, ಅಂದರೆ ವಡ್ಡಾದಿ ಪಾಪಯ್ಯ ಇದ್ದರು. ಶಂಕರ್ ಬರುವ ಮೊದಲೇ ನಮ್ಮ ಎಂ.ಟಿ.ವಿ. ಆಚಾರ್ಯರು ಅಲ್ಲಿದ್ದರು. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳನ್ನು ಈಗಲೂ ಜನ ಹುಡುಕಿಕೊಂಡು ಹೋಗುತ್ತಾರೆ.

ಚಂದಮಾಮ 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಶುರುವಾಯಿತು. ಕನ್ನಡಕ್ಕೆ ಬಂದದ್ದು 1949ರಲ್ಲಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದನ್ನು ನಡೆಸಿದ ರೀತಿ ನೋಡಿ: ಎಲ್ಲ ಭಾಷೆಗಳಿಗೂ ಚಿತ್ರ ಒಂದೇ. ಅಕ್ಷರ ಮಾತ್ರ ಬೇರೆ. ತಿಪಟೂರಿನಲ್ಲಿ ನಾನು ನೋಡಿದ ಬೇತಾಳವನ್ನೇ ಗುಂಟೂರಿನಲ್ಲಿ, ಮದುರೆಯಲ್ಲಿ ನನ್ನ ವಯಸ್ಸಿನ ಮಕ್ಕಳು ನೋಡಿದರು. ದಕ್ಷಿಣದಲ್ಲಿ ಒಂದಿಡೀ ತಲೆಮಾರಿಗೆ ರಾಜ ಅಂದರೆ ಹೇಗಿರುತ್ತಾನೆ, ಕಾಡು ಅಂದರೆ ಹೇಗಿರುತ್ತದೆ, ಬಡ ಬ್ರಾಹ್ಮಣನ ಗುಡಿಸಲಿನ ಮುಂದೆ ಏನೇನು ಬಿದ್ದಿರುತ್ತದೆ ಅನ್ನುವುದನ್ನೆಲ್ಲ ಕೆಲವೇ ಜನರ ಕುಂಚ ಹೇಳಿಕೊಟ್ಟಿತು. ಆಗ ಬಣ್ಣಕ್ಕೆ ಬರವಿತ್ತು. ಎಷ್ಟೋ ಪುಟಗಳಲ್ಲಿ ಕಪ್ಪಿನ ಜೊತೆ ಇನ್ನೊಂದೇ ಬಣ್ಣ. ಆ ಒಂದು ಬಣ್ಣವನ್ನು ಎಲ್ಲಿ ಹಾಕಬೇಕು ಅನ್ನುವುದರಲ್ಲೇ ಇಡೀ ಜಾಣ್ಮೆ.

ಇದೇ ಹೊತ್ತಿಗೆ ಬೆಂಗಳೂರಿನ ಕಥೆಯೊಂದನ್ನೂ ಹೇಳಿಬಿಡುತ್ತೇನೆ. ಅಮರ ಚಿತ್ರಕಥೆ ಅಂದ ಕೂಡಲೇ ಎಲ್ಲರೂ ಅನಂತ ಪೈ ಅವರನ್ನು ನೆನೆಯುತ್ತಾರೆ, ಅವರು ಕಾರ್ಕಳದವರು ಅಂತ ನಾವು ಹೆಮ್ಮೆಪಡುತ್ತೇವೆ. ಆದರೆ ಆ ಮಾಲಿಕೆಯಲ್ಲಿ ಅವರು ಮೊದಲು ತಂದ ಕೃಷ್ಣನ ಪುಸ್ತಕದ ಸಂಖ್ಯೆ 11. ಮೊದಲ ಹತ್ತು ಎಲ್ಲಿ? ಅವು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಬಂದವು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅದಕ್ಕೆ ಕಾರಣ. ಸಿಂಡರೆಲಾ, ಅಲ್ಲಾದ್ದೀನನಂಥ ಹೊರನಾಡಿನ ಕಥೆಗಳವು. ಕನ್ನಡದಲ್ಲಿ ಅವು ಓಡಿದ ಮೇಲೆ ನಮ್ಮ ಪುರಾಣಗಳ ಸರದಿ ಬಂತು. ದುಡ್ಡಿನ ಕೊರತೆಗೆ ಶುರುವಿನಲ್ಲಿ ಹಳದಿ, ನೀಲಿ, ಹಸಿರು ಇಷ್ಟೇ ಬಣ್ಣ. ಕೃಷ್ಣನಿಗೆ ನೀಲಿ ಸಾಕಾಯಿತು. ರಾಂ ವಾಯೀರ್‌ಕರ್ ಬರೆದ ಆ ಪುಸ್ತಕ ಈಗಲೂ ಅಚ್ಚಾಗುತ್ತಿದೆ.

ಕಲೆಯೋ, ಕಲೆ ಬಿದ್ದ ಕಾಗದವೋ

ಈಗ ಹಳೇದರ ಮೇಲಿನ ಪ್ರೀತಿಯಿಂದ ಹೊಸದಾಗಿ ತಯಾರಾಗುವ ಚಿತ್ರಗಳನ್ನು ಎಲ್ಲ ಕಡೆ ನೋಡುತ್ತೇನೆ. ಹೋಟೆಲಿನ ಗೋಡೆ, ಟೀ ಶರ್ಟು, ಮದುವೆಯ ಕಾಗದ, ಸಿನಿಮಾ ಪೋಸ್ಟರು. ಕೆಲವು ಬಹಳ ಚೆನ್ನಾಗಿವೆ. ಆದರೆ ಜಾಸ್ತಿ ಪಾಲು ಚಿತ್ರಗಳನ್ನು ಕಂಡಾಗ ನನಗೆ ಒಂದು ನೋವಾಗುತ್ತದೆ. ಅವರು ಹಳೇ ಚಿತ್ರದಿಂದ ತೆಗೆದುಕೊಂಡದ್ದು ಹಳದಿಗಟ್ಟಿದ ಕಾಗದವನ್ನು, ಮಾಸಿದ ಬಣ್ಣವನ್ನು, ಮಡಿಕೆಯ ಗುರುತನ್ನು, ಜರುಗಿದ ಅಚ್ಚನ್ನು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಹೊಸ ಚಿತ್ರಕ್ಕೆ ಐವತ್ತು ವರ್ಷದ ಧೂಳು ಬಂದು ಕೂರುತ್ತದೆ.

ಆದರೆ ತಿಪಟೂರಿನ ಆ ಯಜಮಾನರು ಹೋರಾಡಿದ್ದು ಇದೇ ಜರುಗಿದ ಅಚ್ಚಿನ ವಿರುದ್ಧ. ಮಳವಲಿಯ ಕೆಲಸಗಾರರು ಕಲ್ಲಿಗೆ ಕಲ್ಲು ತಾಳೆ ನೋಡಿದ್ದು ತುಟಿಯ ಬಣ್ಣ ತುಟಿಯಲ್ಲೇ ನಿಲ್ಲಲಿ ಅಂತ. ಶಿವಕಾಶಿಯ ಕ್ಯಾಲೆಂಡರ್ ಹೊಸದಾಗಿ ಬಂದಾಗ ಮಾಸಲು ಬಣ್ಣದ್ದಾಗಿರಲಿಲ್ಲ. ಕಣ್ಣಿಗೆ ಹೊಡೆಯುವ ಗುಲಾಬಿ, ನವಿಲಿನ ನೀಲಿ, ಹೊಸ ಅರಿಶಿನದ ಹಳದಿ ಇತ್ತು. ಹೊಗೆ ಹಿಡಿದ ಕತ್ತಲ ಮನೆಯಲ್ಲಿ ಅದು ಮಿಂಚಬೇಕಿತ್ತು. ಮಾಸಿದ್ದು ಕಾಲ, ಚಿತ್ರಕಾರ ಅಲ್ಲ. ನಾವು ಅವರ ಶ್ರಮವನ್ನು ಬಿಟ್ಟು, ಅವರು ತಡೆಯಲು ಹೆಣಗಿದ ದೋಷವನ್ನೇ ಪ್ರೀತಿಸುತ್ತಿದ್ದೇವೆ. ಹಳೇದರಿಂದ ಕಲಿಯುವುದಿದ್ದರೆ ಗೆರೆಯ ತೀರ್ಮಾನವನ್ನು ಕಲಿಯಬೇಕು. ಎರಡೇ ಬಣ್ಣದಲ್ಲಿ ಕೆಲಸ ಮುಗಿಸುವುದನ್ನು ಕಲಿಯಬೇಕು. ಒಂದು ಚಿತ್ರವನ್ನು ಒಬ್ಬರು ವರ್ಷಪೂರ್ತಿ ನೋಡುತ್ತಾರೆ ಅಂತ ನಂಬಿ ಬರೆಯುವುದನ್ನು ಕಲಿಯಬೇಕು.

ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿ ನನಗೆ ಈ ವಿಷಯದಲ್ಲಿ ತುಂಬಾ ಸಮಾಧಾನ ಕೊಡುತ್ತದೆ. ನೂರು ವರ್ಷಕ್ಕೂ ಹಿಂದೆ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ. ಸಿಂಹದ ಮೈ, ಆನೆಯ ತಲೆಯ ಶರಭ ಅಂದೂ ಇತ್ತು, ಇಂದೂ ಇದೆ. ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಆ ಡಬ್ಬಿಯ ಮೇಲೆ ಯಾರೂ ಸುಳ್ಳು ಧೂಳು ಹಾಕಿಲ್ಲ. ಅದಕ್ಕೆ ಹಳೇದರ ವೇಷ ಬೇಕಿಲ್ಲ. ಒಮ್ಮೆ ಸರಿಯಾಗಿ ಬರೆದದ್ದನ್ನು ಹಾಗೇ ಉಳಿಸಿಕೊಂಡಿದ್ದಾರೆ, ಅಷ್ಟೇ.

ಕೆಳಗಿನ ಸಣ್ಣ ಅಕ್ಷರ

ಇತ್ತೀಚೆಗೆ ಹಳೇ ಕಾಗದ ಕೈಗೆ ಸಿಕ್ಕಿದರೆ ನಾನು ಮೊದಲು ನೋಡುವುದು ಅದರ ತೀರಾ ಕೆಳಗಿನ ಸಾಲನ್ನು. 1867ರ ಮುದ್ರಣ ಕಾಯಿದೆಯ ಪ್ರಕಾರ ಅಚ್ಚಾದ ಪುಸ್ತಕ, ಪತ್ರಿಕೆಗಳ ಮೇಲೆ ಮುದ್ರಕರ ಹೆಸರು ಮತ್ತು ಊರು ಇರಬೇಕಿತ್ತು. ಅದರಿಂದಾಗಿ ನಮಗೆ ಎಷ್ಟೋ ಸಣ್ಣ ಪ್ರೆಸ್ಸುಗಳ ಹೆಸರು ಉಳಿದಿದೆ. ತುಮಕೂರು, ಗದಗ, ಧಾರವಾಡ, ಉಡುಪಿ, ಬೆಂಗಳೂರಿನ ಬಳೇಪೇಟೆ. ಒಂದು ಸಾಲಿನಲ್ಲಿ ಒಂದು ಊರಿನ ಅಚ್ಚಿನ ಚರಿತ್ರೆಯೇ ಸಿಗುತ್ತದೆ. ಆದರೆ ಚಿತ್ರ ಬರೆದವನ ಹೆಸರು ಹಾಕಲೇಬೇಕು ಅಂತ ಆ ಕಾಯಿದೆ ಹೇಳಲಿಲ್ಲ. ಶಂಕರ್ ತಮ್ಮ ಹೆಸರನ್ನು ಮೂಲೆಯಲ್ಲಿ ಬರೆದರು. ಪಂಡಿತರ ಸಹಿಯೂ ಸಿಗುತ್ತದೆ. ನನ್ನ ಅಕ್ಕನ ಮಗಳ ಮೊಬೈಲಿನ ಹುಲಿಗೆ ಮಾತ್ರ ಹೆಸರಿಲ್ಲ. ಆ ಡ್ರಾಯರಿನ ಗಣಪತಿಗಳಿಗೂ ಇಲ್ಲ. ಅವುಗಳನ್ನು ಬರೆದವರು ಬ್ಲಾಕ್ ಮಾಡುವವರಿಗೆ ಚಿತ್ರ ಕೊಟ್ಟು, ದುಡ್ಡು ತೆಗೆದುಕೊಂಡು ಮನೆಗೆ ಹೋದರು.

ಕೆಲವರ ಹೆಸರು ಈಗಲೂ ಸಿಗಬಹುದು ಅನ್ನುವುದು ನನ್ನ ಆಸೆ. ಸಿನಿಮಾ ಪೋಸ್ಟರ್ ಬರೆಯುತ್ತಿದ್ದವರು, ಪಠ್ಯಪುಸ್ತಕಕ್ಕೆ ಚಿತ್ರ ಬರೆದವರು, ವಾರಪತ್ರಿಕೆಯ ಧಾರಾವಾಹಿಗಳಿಗೆ ಬರೆದವರು ಎಷ್ಟೋ ಜನ ನಮ್ಮ ಊರುಗಳಲ್ಲೇ ಇದ್ದಾರೆ. ವಯಸ್ಸಾಗಿದೆ. ಅವರ ಮಕ್ಕಳಿಗೆ ಕೆಲವು ಕಥೆಗಳು ಗೊತ್ತಿವೆ. ನಿಮ್ಮ ಊರಿನಲ್ಲಿ ಮುಚ್ಚಿದ ಪ್ರೆಸ್ಸು ಇದ್ದರೆ, ಬ್ಲಾಕುಗಳು ಗುಜರಿಗೆ ಹೋಗುವ ಮೊದಲು ಒಮ್ಮೆ ಹೋಗಿ ನೋಡಿ. ಸತುವಿಗೆ ತೂಕದ ಬೆಲೆ ಸಿಗುತ್ತದೆ, ಆದ್ದರಿಂದ ಅವು ಬೇಗ ಹೋಗುತ್ತವೆ. ಅಟ್ಟ ಸ್ವಚ್ಛ ಮಾಡುವಾಗ ಕಟ್ಟು ಹಾಕಿಸಿದ ಹಳೇ ಪಟ ಸಿಕ್ಕರೆ ಹಿಂಬದಿಯ ಕಾಗದವನ್ನು ಹುಷಾರಾಗಿ ಬಿಚ್ಚಿ. ಕಟ್ಟು ಹಾಕುವಾಗ ಅಂಚು ಮಡಿಸಿರುತ್ತಾರೆ. ಸಹಿ, ಪ್ರೆಸ್ಸಿನ ಹೆಸರು ಆ ಮಡಿಕೆಯ ಒಳಗೆ ಸೇರಿರುತ್ತದೆ. ಸಿಕ್ಕಿದ್ದನ್ನು ಫೋಟೋ ತೆಗೆದು, ಎಲ್ಲಿ ಸಿಕ್ಕಿತು, ಯಾರ ಮನೆಯದು, ಸುಮಾರು ಯಾವ ಕಾಲದ್ದು ಅಂತ ಒಂದು ಕಡೆ ಬರೆದಿಡಿ. ಅಕ್ಕನ ಮಗಳು ತನ್ನ ಗೆಳತಿಯರ ಜೊತೆ ಸೇರಿ ಲೇಬಲ್ಲುಗಳದ್ದು ಅಂಥದ್ದೊಂದು ಪಟ್ಟಿ ಶುರು ಮಾಡಿದ್ದಾಳೆ. ಚಿತ್ರಕಾರ ಅನ್ನುವ ಕಾಲಂ ಸದ್ಯಕ್ಕೆ ಬಹುಪಾಲು ಖಾಲಿ ಇದೆ.